ನಂದಿಬಟ್ಟಲು ಬೋಳಾದ ಭಾನುವಾರ

"ಸರ್, ಬಲಗಡೆ ಒಂಚೂರು ಎತ್ತರ ಉಳ್ಕೊಳ್ತಲ್ವಾ?" ಎಂದರು ಎದುರುಮನೆಯ ಉಮೇಶ್, ಕಾಫಿ ಲೋಟ ಹಿಡಿದುಕೊಂಡು, ತಲೆಯನ್ನು ಒಂದು ಕಡೆಗೆ ವಾಲಿಸಿ.

ಸ್ಟೂಲಿನ ಮೇಲೆ ನಿಂತು ನಂದಿಬಟ್ಟಲು ಗಿಡ ಸವರುತ್ತಿದ್ದ ಬದರೀನಾಥರು ಕತ್ತರಿ ನಿಲ್ಲಿಸಿದರು. ಅಲ್ಲಿಗೇ ನಿಲ್ಲಿಸಿ ಇಳಿದುಬಿಟ್ಟಿದ್ದರೆ ಭಾನುವಾರ ಭಾನುವಾರದಂತೆಯೇ ಕಳೆಯುತ್ತಿತ್ತು.

ಯಲಹಂಕ ಉಪನಗರದ ಆ ರಸ್ತೆಯಲ್ಲಿ ಅದಕ್ಕಿಂತ ಹಳೆಯ ಹೂಗಿಡ ಇನ್ನೊಂದಿರಲಿಲ್ಲ. ಎರಡು ಮನೆಗಳ ನಡುವಿನ ಮೋಟು ಗೋಡೆಗೆ ಒರಗಿ, ಆಳೆತ್ತರ ಮೀರಿ, ಪೊದೆಯಾಗಿ ಬೆಳೆದಿತ್ತು. ಈಚೆ ಬದರೀನಾಥರ ಮನೆ, ಆಚೆ ಸುಬ್ಬಲಕ್ಷ್ಮಮ್ಮನವರದು. ಹತ್ತು ವರ್ಷದಿಂದ ಅದಕ್ಕೆ ಕತ್ತರಿ ಸೋಕಿರಲಿಲ್ಲ. ಹೋದ ತಿಂಗಳಷ್ಟೇ ನಿವೃತ್ತರಾದ ಬದರೀನಾಥರು ಮೊಬೈಲಿನಲ್ಲಿ ಸಿಕ್ಕ ವಿಡಿಯೊಗಳನ್ನೆಲ್ಲ ನೋಡಿ ಪಾಠ ಒಪ್ಪಿಸುವಷ್ಟು ಕಲಿತಿದ್ದರು. ಚಳಿ ಹಿಂದೆ ಸರಿದು ಬಿಸಿಲು ಬಲಿಯುವುದರೊಳಗೆ ಸವರಬೇಕು. ಮೂರರಲ್ಲೊಂದು ಪಾಲು ಮಾತ್ರ ತೆಗೆಯಬೇಕು. ಗಿಣ್ಣಿನ ಮೇಲೆ, ಓರೆಯಾಗಿ, ಒಂದೇ ಏಟಿಗೆ. ಶಿವರಾತ್ರಿಗೆ ಇನ್ನೆರಡು ವಾರ ಇತ್ತು, ಕಾಲ ಸರಿಯಾಗಿತ್ತು. ಕಾಲದ ಬಗ್ಗೆ ವಿಡಿಯೊಗಳು ಎಲ್ಲ ಹೇಳಿದ್ದವು, ಉಮೇಶರ ಬಗ್ಗೆ ಏನೂ ಹೇಳಿರಲಿಲ್ಲ.

ಬಲಗಡೆ ಸವರಿದರು. "ಈಗ ಎಡಗಡೆ ಎದ್ದು ಕಾಣ್ತಿದೆ ಸರ್." ಎಡಗಡೆ ಸವರಿದರು. "ನಡುವೆ ಗೂನು ಬಂತು ನೋಡಿ." ನಡುವೆ ತೆಗೆದರು. ಕುಂಟುವ ಮೇಜಿನ ಕಾಲು ಸಮ ಮಾಡಲು ಹೋಗಿ ಮೇಜನ್ನೇ ಮಣೆ ಮಾಡಿದ ಬಡಗಿಯ ಹಾಗೆ, ಹನ್ನೊಂದು ಗಂಟೆಯ ಹೊತ್ತಿಗೆ ಬದರೀನಾಥರು ನೆಲದ ಮೇಲೆ ಕೂತು ಕತ್ತರಿಸುತ್ತಿದ್ದರು. ಗಿಡ ತಿರುಪತಿಯಿಂದ ಆಗತಾನೇ ಬಂದಿಳಿದವರಂತೆ ಬೋಳಾಗಿ ನಿಂತಿತ್ತು.

"ಈಗ ನೀಟಾಯ್ತು," ಎಂದು ಉಮೇಶ್ ಖಾಲಿ ಲೋಟ ಹಿಡಿದು ಒಳಗೆ ಹೋದರು. ತೋಟದ ಕಸ ಒಯ್ಯುವ ಬ್ಯಾಟರಾಯಪ್ಪ ಟೆಂಪೊ ತಂದು ಕೊಂಬೆಗಳನ್ನೆಲ್ಲ ತುಂಬಿಕೊಂಡು ಜಕ್ಕೂರಿನ ಕಡೆಗೆ ಹೊರಟ.

ಟೆಂಪೊ ತಿರುವಿನಲ್ಲಿ ಮರೆಯಾಗುವುದಕ್ಕೂ ಸುಬ್ಬಲಕ್ಷ್ಮಮ್ಮನವರ ಸೊಸೆ ಭಾವನಾ ಬಟ್ಟೆ ಒಣಹಾಕಲು ಹೊರಗೆ ಬರುವುದಕ್ಕೂ ಸರಿಹೋಯಿತು. ಅವಳ ಕೈಯಲ್ಲಿದ್ದ ಟವೆಲ್ ಹಾಗೇ ನಿಂತಿತು.

"ಅಂಕಲ್, ಗಿಡ ಎಲ್ಲಿ?"

"ಇಲ್ಲೇ ಇದೆಯಲ್ಲಮ್ಮ," ಎಂದು ಬದರೀನಾಥರು ಮೊಣಕಾಲಿನ ಹತ್ತಿರ ಬೆರಳು ತೋರಿಸಿದರು.

"ಅತ್ತೆ ಹರಕೆ ಹೊತ್ತಿದಾರೆ ಅಂಕಲ್. ನಲವತ್ತೆಂಟು ದಿನ, ದಿನಾ ದೀಪ ಹಚ್ಚೋ ಹೊತ್ತಿಗೆ ಶಿವನಿಗೆ ಹನ್ನೊಂದು ಮೊಗ್ಗು. ಗಿಡ ಬದಲಾಗಬಾರ್ದಂತೆ, ಇದೇ ಗಿಡದ್ದಾಗ್ಬೇಕಂತೆ. ಇವತ್ತು ಕೊನೇ ದಿನ."

"ಏನ್ ಹರಕೆ?"

"ಹೇಳಲ್ಲ. ಹೇಳಿದ್ರೆ ಫಲಿಸಲ್ಲ ಅಂತಾರೆ. ಆದ್ರೆ ಗೊತ್ತಾಗಲ್ವಾ? ಬಾಗಲೂರಲ್ಲಿರೋ ಅವರ ತಮ್ಮನಿಗೆ ನಾಳೆ ಹಾರ್ಟ್ ಆಪರೇಷನ್. ಬೆಳಗ್ಗೆನೇ ನೋಡ್ಕೊಂಡ್ ಬರೋಕೆ ಹೋಗಿದಾರೆ. ಸಂಜೆ ಬರ್ತಾರೆ."

ಬದರೀನಾಥರ ಕೈಗೆ ಅಂಟಿದ್ದ ಗಿಡದ ಹಾಲು ಒಣಗಿ ಬೆರಳುಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಒಬ್ಬ ಮನುಷ್ಯನ ಎದೆಬಡಿತವನ್ನೇ ತಾನು ಓರೆಯಾಗಿ, ಒಂದೇ ಏಟಿಗೆ ಕತ್ತರಿಸಿಬಿಟ್ಟೆನೇನೋ ಎನ್ನಿಸಿತು. ಹೊರಗೆ ಬಂದ ಹೆಂಡತಿ ಕೃಷ್ಣವೇಣಿ ವಿಷಯ ಕೇಳಿ ಮೆಲ್ಲಗೆ ಅಂದರು: "ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಮ್ಮ ಗಿಡದ ಹೆಸರೇ ಬರೋದು ಕಣ್ರೀ."

ಉಮೇಶ್ ಗೇಟಿನಿಂದಲೇ ಕೂಗಿದರು, "ನಾನು ಒಂಚೂರು ಅಂದಿದ್ದು ಸರ್. ಒಂಚೂರು."

ಜಕ್ಕೂರು ಕೆರೆಯ ಆಚೆ ಬ್ಯಾಟರಾಯಪ್ಪನ ಗೊಬ್ಬರದ ಗುಂಡಿ. ಬದರೀನಾಥರು ಸ್ಕೂಟರು ನಿಲ್ಲಿಸಿದಾಗ ಆತ ಬೀಡಿ ಹಚ್ಚುತ್ತಿದ್ದ.

"ಏನ್ ಸ್ವಾಮಿ, ಕೊಟ್ಟಿದ್ದ ಕಸಾನ ವಾಪಸ್ ಕೇಳಕ್ ಬಂದ್ರಾ?"

"ಹನ್ನೊಂದು ಮೊಗ್ಗು ಬೇಕು ಬ್ಯಾಟರಾಯಪ್ಪ. ನಮ್ಮ ಗಿಡದ್ದೇ ಆಗ್ಬೇಕು."

"ಇವತ್ತು ಮೂರು ಮನೆ ನಂದಿಬಟ್ಲು ತಂದಿವ್ನಿ. ಇಂಗೆ ಒಂದೇ ಗುಡ್ಡೆಗ್ ಆಕಿವ್ನಿ. ನಿಮ್ದು ಯಾವ್ದು ಅಂತ ನಾನೆಂಗ್ ಏಳ್ಲಿ?"

ಆದರೆ ಬದರೀನಾಥರಿಗೆ ಗೊತ್ತಿತ್ತು. ಬೇರೆ ಮನೆಯವರು ಮಚ್ಚಿನಲ್ಲಿ ಕೊಚ್ಚಿದ್ದರು, ತುದಿ ಸಿಗಿದು ನಾರು ಎದ್ದಿತ್ತು. ತಮ್ಮದು ಓರೆಯಾಗಿ, ನುಣ್ಣಗೆ, ಪೆನ್ಸಿಲ್ ಹೆರೆದಂತೆ. ಮೊಣಕಾಲವರೆಗೂ ಗುಡ್ಡೆಯಲ್ಲಿ ಹೂತು ಒಂದೊಂದೇ ಕೊಂಬೆಯ ಬುಡವನ್ನು ಕಣ್ಣಿಗೆ ಹಿಡಿದು ನೋಡಿದರು. ಇರುವೆ ಕಚ್ಚಿತು. ಎರಡು ಗಂಟೆಗೆ ಐದು ಮೊಗ್ಗು ಸಿಕ್ಕವು, ಮೂರೂವರೆಗೆ ಒಂಬತ್ತು. ಉಮೇಶರ ಮಾತಿಗೆ ಅವಸರದಲ್ಲಿ ಕತ್ತರಿಸಿದ ಕೊಂಬೆಗಳೆಲ್ಲ ಸಿಗಿದುಹೋಗಿದ್ದರಿಂದ ಅವು ತಮ್ಮವೋ ಪರರವೋ ತಿಳಿಯಲಿಲ್ಲ. ಸಂಶಯದ ಮೊಗ್ಗು ಮುಟ್ಟಲು ಮನಸ್ಸು ಒಪ್ಪಲಿಲ್ಲ. ದೇವರಿಗೆ ಗೊತ್ತಾಗದೇ ಇರಬಹುದು, ನಾಳೆ ಆಪರೇಷನ್ ಟೇಬಲ್ಲಿನ ಮೇಲೆ ಮಲಗುವವನ ಗತಿ?

ಬ್ಯಾಟರಾಯಪ್ಪ ಸ್ವಲ್ಪ ಹೊತ್ತು ನೋಡಿ, ಬೀಡಿ ಆರಿಸಿ, ತಾನೂ ಗುಡ್ಡೆಗಿಳಿದ. ಕೊನೆಯ ಎರಡು ಮೊಗ್ಗು ಸಿಕ್ಕಿದ್ದು ಅವನಿಗೇ. ಓರೆ ಕೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿ ಅಂದ, "ಇಷ್ಟ್ ಚೆಂದಾಗ್ ಕಡಿದೀರ. ಒಸಿ ಗಿಡಾನೂ ಉಳಿಸ್ಬೌದಿತ್ತು ಸ್ವಾಮಿ."

ಮೊಗ್ಗು ಜೇಬಿನಲ್ಲಿಟ್ಟರೆ ನಜ್ಜುಗುಜ್ಜಾಗುತ್ತದೆ. ಬದರೀನಾಥರು ಕರ್ಚೀಫು ಒದ್ದೆ ಮಾಡಿ ಹೆಲ್ಮೆಟ್ಟಿನೊಳಗೆ ಹಾಸಿ, ಮೊಗ್ಗು ಮಲಗಿಸಿ, ಅದನ್ನು ಕಾಲ ಬಳಿ ಇಟ್ಟುಕೊಂಡು ಬರಿತಲೆಯಲ್ಲಿ ಹೊರಟರು. ಸಿಗ್ನಲ್ಲಿನಲ್ಲಿ ಪೊಲೀಸಿನವನು ಕೈ ಅಡ್ಡ ಹಾಕಿದ.

"ಹೆಲ್ಮೆಟ್ ಇಟ್ಕೊಂಡೂ ಹಾಕಿಲ್ವಲ್ರೀ ಯಜಮಾನ್ರೇ."

"ಒಳಗೆ ಮೊಗ್ಗಿದೆ ಸರ್. ಹರಕೇದು. ಒಬ್ರಿಗೆ ಹಾರ್ಟ್ ಆಪರೇಷನ್."

ಪೊಲೀಸಿನವನು ಬಗ್ಗಿ ನೋಡಿದ. "ಮೊಗ್ಗಿಗೆ ಹೆಲ್ಮೆಟ್ಟು. ನಿಮಗೆ ಏನಾದ್ರೂ ಆದ್ರೆ ಯಾರ್ ಹರಕೆ ಹೊರ್ತಾರೆ? ತಳ್ಕೊಂಡ್ ಹೋಗಿ."

ತಳ್ಳಿಕೊಂಡೇ ಹೋದರು. ಮನೆ ಮುಟ್ಟಿದಾಗ ಐದೂವರೆ. ಸುಬ್ಬಲಕ್ಷ್ಮಮ್ಮ ಆಗಲೇ ಬಂದು, ಚೀಲ ಕೆಳಗಿಡುವುದನ್ನೂ ಮರೆತು, ಬೋಳು ಗಿಡದ ಎದುರು ಸುಮ್ಮನೆ ನಿಂತಿದ್ದರು. ಕಣ್ಣು ಒದ್ದೆಯಾಗಿತ್ತು. ಬದರೀನಾಥರು ಸ್ಕೂಟರಿಗೆ ಸ್ಟ್ಯಾಂಡ್ ಹಾಕಿದರು. ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ನೈವೇದ್ಯದಂತೆ ಹಿಡಿದು ಗೋಡೆಯ ಹತ್ತಿರ ಹೋದರು.

"ಅಮ್ಮ, ತಪ್ಪಾಯ್ತು. ಮೊಗ್ಗು ತಂದಿದೀನಿ. ಹನ್ನೊಂದಿದೆ, ಇದೇ ಗಿಡದ್ದು. ನಿಮ್ಮ ತಮ್ಮಂಗೆ ಏನೂ ಆಗಲ್ಲ."

"ತಮ್ಮಂಗೆ ಡಾಕ್ಟ್ರಿದಾರಲ್ಲ ಬದರೀನಾಥ್. ಅದಕ್ಕೆ ಶಿವನ್ನ ಯಾಕೆ ಎಬ್ಬಿಸ್ಲಿ? ಫಲಿಸಿದ್ಮೇಲೆ ಹೇಳ್ಬೋದು, ಹೇಳ್ತೀನಿ. ನಾನು ಹರಕೆ ಹೊತ್ತಿದ್ದು ಈ ಗಿಡಕ್ಕೆ."

"ಗಿಡ ಚೆನ್ನಾಗಿರ್ಲಿ ಅಂತಾನಾ?"

"ಯಾರಾದ್ರೂ ಕಡೀಲಿ ಅಂತ." ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಮೂರು ವರ್ಷ ಆಯ್ತು, ನಮ್ಮ ಮೆಟ್ಟಿಲಿಗೆ ಸಂಜೆ ಬಿಸಿಲು ಬಂದು. ಮಂಡಿ ನೋವಿಗೆ ಅದೊಂದೇ ಸುಖ ನಂಗೆ."

"ನಂಗೊಂದು ಮಾತು ಹೇಳಿದ್ರೆ ಆಗ್ತಿತ್ತಲ್ಲಮ್ಮ."

"ಹೆಂಗ್ ಹೇಳ್ಲಿ? ಇಪ್ಪತ್ತು ವರ್ಷದಿಂದ ನಿಮ್ಮ ಗಿಡದ ಹೂವೇ ಬಿಡಿಸ್ಕೊಂಡು ಪೂಜೆ ಮಾಡಿದೀನಿ. ಅದನ್ನೇ ಕಡೀರಿ ಅನ್ನೋಕೆ ಬಾಯಿ ಬರುತ್ತಾ? ನೀವು ಬೇಜಾರು ಮಾಡ್ಕೊಂಡ್ರೆ ಕಷ್ಟ. ಶಿವ ಆದ್ರೆ ಬೇಜಾರು ಮಾಡ್ಕೊಳಲ್ಲ."

ಬದರೀನಾಥರು ನಡುವಿನ ಗೋಡೆ ನೋಡಿದರು. ಮೂರಡಿ ಗೋಡೆ ದಾಟಿದ್ದರೆ ಮುಗಿಯುತ್ತಿದ್ದ ಮಾತು ಕೈಲಾಸ ಸುತ್ತಿಕೊಂಡು ಬಂದು ತಮ್ಮ ಮನೆಯ ಬಾಗಿಲು ತಟ್ಟಿತ್ತು. ಇಷ್ಟು ವರ್ಷ ಆಕೆಯನ್ನು 'ಮಂಡಿ ನೋವು ಹೇಗಿದೆ' ಎಂದು ತಾವೂ ಕೇಳಿರಲಿಲ್ಲ.

"ನಲವತ್ತೆಂಟನೇ ದಿನ ಸರಿಯಾಗಿ ನಡೆಸ್ಕೊಟ್ಟ," ಎಂದು ಸುಬ್ಬಲಕ್ಷ್ಮಮ್ಮ ಹೆಲ್ಮೆಟ್ಟಿನಿಂದ ಮೊಗ್ಗು ಎಣಿಸಿ ತೆಗೆದುಕೊಂಡರು. "ಇನ್ನು ತೀರಿಸೋದೊಂದು ಬಾಕಿ. ಫಲಿಸಿದ್ರೆ ಶಿವರಾತ್ರಿಗೆ ಸಾವಿರದೊಂದು ಹೂವು ಏರಿಸ್ತೀನಿ ಅಂತ ಹೇಳ್ಕೊಂಡಿದೀನಿ."

"ಯಾವ ಹೂವು?"

"ಇದೇ ಗಿಡದ್ದು."

ಬದರೀನಾಥರು ಗಿಡ ನೋಡಿದರು. ನಾಲ್ಕು ಮೋಟು ಕೊಂಬೆ, ಒಂದೂ ಎಲೆಯಿಲ್ಲ. "ಅಮ್ಮ, ಇದು ಚಿಗುರಿ ಮೊಗ್ಗು ಬಿಡೋಕೆ ಎರಡು ತಿಂಗಳಾದ್ರೂ ಬೇಕು. ಶಿವರಾತ್ರಿಗೆ ಎರಡೇ ವಾರ."

"ಅದಕ್ಯಾಕೆ ಯೋಚ್ನೆ ಮಾಡ್ತೀರಾ? ಬೇಗ ಹೂ ಬಿಡ್ಲಿ ಅಂತ ನಾಳೆಯಿಂದ ಇನ್ನೊಂದು ಹರಕೆ ಹೊರ್ತೀನಿ. ಅದಕ್ಕೆ ದಿನಾ ಹೂವು ಬೇಕಲ್ಲ, ನಿಮ್ಮ ಗೇಟ್ ಹತ್ರ ಇರೋ ದಾಸವಾಳಾನ ಮಾತ್ರ ಮುಟ್ಟಬೇಡಿ."

ಬದರೀನಾಥರು ಪೈಪು ಎಳೆದುತಂದು ಮೋಟು ಗಿಡದ ಬುಡಕ್ಕೆ ನೀರು ಬಿಟ್ಟರು. ಗೋಡೆಯಾಚೆ ಒಂದು ಮೊಳದಷ್ಟು ಬಿಸಿಲು ಮೆಟ್ಟಿಲಿನ ಮೇಲೆ ಬಿದ್ದಿತ್ತು. ಸುಬ್ಬಲಕ್ಷ್ಮಮ್ಮ ಗೋಡೆ ಹಿಡಿದುಕೊಂಡು ಮೆಲ್ಲಗೆ ಕೂತು, ಚಪ್ಪಲಿ ಕಳಚಿ, ಎರಡೂ ಕಾಲು ಅದರೊಳಗೆ ಚಾಚಿದರು.