ಗಾಲಿಗೆ ಕಲ್ಲು ಕೊಡುವ ಕಾಕಾ

ನಮ್ಮ ಕಾಕಾ ಜಗತ್ತಿನಲ್ಲಿ ಎಲ್ಲರನ್ನೂ ನಂಬುತ್ತಾನೆ, ಬ್ರೇಕೊಂದನ್ನು ಬಿಟ್ಟು! ಅಥಣಿ ರಸ್ತೆಯಲ್ಲಿ ಅವನದೊಂದು ವಿಂಚಿನ ಲಾರಿ ಇದೆ. ತಗ್ಗಿಗೆ ಬಿದ್ದ ಗಾಡಿಗಳನ್ನು ತಂತಿ ಹಗ್ಗದಿಂದ ಮೇಲಕ್ಕೆಳೆಯುವುದು ಉದ್ಯೋಗ. ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗಳಿಗೆಲ್ಲ ಕಲ್ಲು ಕೊಟ್ಟು, ಹಿಂದಿನ ಬೇವಿನ ಮರಕ್ಕೆ ಸರಪಳಿ ಬಿಗಿದ ಮೇಲೂ ಲಾರಿಯನ್ನು ಅನುಮಾನದಿಂದ ನೋಡುತ್ತಾನೆ.

ಮನೆಯಲ್ಲೂ ಅಷ್ಟೇ. ಫ್ರಿಜ್ಜಿನ ಗಾಲಿಗೆ ಇಟ್ಟಿಗೆ, ಸಿಲಿಂಡರಿನ ಗಾಲಿಗೆ ಒರಳಿನ ಗುಂಡು. ಕಾಕಿಗೆ ಹೃದಯದ ಆಪರೇಷನ್ ಆಗಬೇಕೆಂದು ಗೊತ್ತಾದ ಮೇಲಂತೂ ಕೇಳಬೇಡಿ! ಗಾಂಧಿ ಚೌಕದಲ್ಲಿ ಯಾರದೋ ಬಾಳೆಹಣ್ಣಿನ ಬಂಡಿಗೂ ಕಲ್ಲು ಕೊಟ್ಟ. ಹಣ್ಣಿನವ ನೂಕಿ ನೂಕಿ ಬೆವತ.

"ಯಾವ ಪುಣ್ಯಾತ್ಮರೀ ಇದನ್ನ ಇಟ್ಟಾಂವ?"

"ನಾನಽ," ಎಂದ ಕಾಕಾ, ಗಂಭೀರವಾಗಿ.

ಅದೇ ವಾರ ತಿಕೋಟಾ ಹತ್ತಿರ ದ್ರಾಕ್ಷಿ ತುಂಬಿದ ಟೆಂಪೋ ತಗ್ಗಿಗಿಳಿದಿತ್ತು. ಕಾಕಾ ಕಲ್ಲು ಆರಿಸುತ್ತಿದ್ದ. ಒಂದನ್ನು ಎತ್ತಿ, ತೂಗಿ, ಎಸೆದು, ಮತ್ತೊಂದು. ಟೆಂಪೋದವ ಕುದಿಯುತ್ತಿದ್ದ.

"ಯಪ್ಪಾ, ಜಲ್ದಿ ಎಳೀರಿ! ದ್ರಾಕ್ಷಿ ಒಣಗಿ ಮಣೂಕ ಆಗಾಕತ್ತಾವ!"

"ಆಗ್ಲಿ ಬಿಡ್ರಿ, ಮಣೂಕಕ್ಕ ರೇಟ್ ಛಲೋ ಐತಿ."

ಇದಕ್ಕೆಲ್ಲ ಮೂಲ ಬಬಲೇಶ್ವರ ರಸ್ತೆ. ಲಗ್ನವಾದ ಹೊಸದರಲ್ಲಿ ಕಾಕಾ ಬರೀ ಬ್ರೇಕ್ ನಂಬಿ ವಿಂಚು ತಿರುಗಿಸಿದ್ದ. ಬಿದ್ದ ಟ್ರ್ಯಾಕ್ಟರ್ ಮೇಲೆ ಬರಲಿಲ್ಲ. ಲಾರಿಯೇ ಅದನ್ನು ಭೇಟಿಯಾಗಲು ಹೊರಟಿತು! ಎರಡರ ನಡುವೆ ಕಾಕಾ ನಿಂತಿದ್ದ. ಬುತ್ತಿ ತಂದಿದ್ದ ಕಾಕಿ, ಬುತ್ತಿ ಚೆಲ್ಲಿ, ಗಾಲಿಗೆ ಕಲ್ಲು ಕೊಟ್ಟಳು. ಲಾರಿ ನಿಂತಿತು. ರೊಟ್ಟಿ ಮಣ್ಣಿಗೆ ಬಿದ್ದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಆದರೆ ಆಗ ನಾನಿನ್ನೂ ಹುಟ್ಟಿರಲಿಲ್ಲ ಎನ್ನುತ್ತಾಳೆ ಅವ್ವ! ನೆನಪಿಗೂ ಬ್ರೇಕಿಲ್ಲವೇನೋ.

ಆಪರೇಷನ್ನಿನ ದಿನ ನರ್ಸ್ ಬಂದು ಕಾಕಿಯ ಸ್ಟ್ರೆಚರ್ ನೂಕಿದರು. ಅಲುಗಲಿಲ್ಲ. ಮತ್ತೆ ನೂಕಿದರು. ಬಗ್ಗಿ ನೋಡಿದರೆ ಮುಂದಿನ ಎರಡು ಗಾಲಿಗೆ ಕಾಕಾನ ಎರಡು ಚಪ್ಪಲಿ.

"ಯಜಮಾನ್ರ, ಇದಕ್ಕ ಬ್ರೇಕ್ ಐತ್ರಿ!"

"ಎಲ್ಲಾರೂ ಹಂಗಽ ಅಂತಾರವ್ವಾ."

ಕಾಕಿ ಮಲಗಿದಲ್ಲೇ ನಕ್ಕಳು. "ತಗೀರಿ ಅವನ್ನ. ಹೋಗಿ ಬರ್ತೀನಿ."

ತೆಗೆದ. ಸ್ಟ್ರೆಚರ್ ಹೋಯಿತು, ಬಾಗಿಲು ಮುಚ್ಚಿತು. ಕಾಕಾ ಚಪ್ಪಲಿಗಳನ್ನು ತೊಡೆಯ ಮೇಲಿಟ್ಟುಕೊಂಡು ಬರಿಗಾಲಲ್ಲಿ ಕೂತ. ನೆಲ ತಣ್ಣಗಿತ್ತು.

"ಹಾಕ್ಕೋ ಕಾಕಾ," ಅಂದೆ.

"ಬ್ಯಾಡಲೇ," ಎಂದ, ಬಾಗಿಲಿನಿಂದ ಕಣ್ಣು ತೆಗೆಯದೆ. "ಈಗ ಬರ್ತಾಳ. ಬಂದಕೂಡ್ಲೇ ಗಾಲಿಗಿ ಕೊಡಬೇಕು."