ಲಡಾಯಿ ಪುಸ್ತಕ, ದಪ್ಪ ರೊಟ್ಟಿ

ಅಂಗಡಿ ಇಟ್ಟಾವ ಸುಮ್ಮನ ಕುಂತರೂ ನಗಿ ತಾನ ಹುಡುಕ್ಕೊಂಡು ಬರ್ತದ. ನಾ ಮಾತು ಕಡಿಮಿ ಇದ್ದಾವ. ಎರಡನೇತ್ತಕ್ಕ ಸಾಲಿ ಬಿಟ್ಟಾವ. ಕಂಡದ್ದು ಕಂಡಂಗ ಬರೀತೇನಿ.

ಲಡಾಯಿ ನಡದ ಕಾಲ. ವಿಜಾಪುರದ ಸೊಲ್ಲಾಪುರ ರಸ್ತೆದಾಗ ನಂದೊಂದು ತಗಡಿನ ಅಂಗಡಿ. ಪಾಟಿ, ಪಂಚಾಂಗ, ಹಳೇ ಪುಸ್ತಕ. ತಿಂಗಳಿಗೊಮ್ಮೆ ಸೊಲ್ಲಾಪುರದಿಂದ ಒಂದು ಕಟ್ಟು ಬರೂದು. ಅದರಾಗ ಇಂಗ್ಲಿಷ್ ಚಿತ್ರದ ಪುಸ್ತಕ. ಪಾನ ಅಂದ್ರ ಪುಟ; ಪಾನದ ತುಂಬ ಚೌಕಟ್ಟು, ಚೌಕಟ್ಟಿನ ತುಂಬ ವಿಮಾನ, ತೋಪು, ಹೊಗಿ. ಎಲ್ಲಾದರಾಗೂ ಅವನ ಒಬ್ಬ ಸಿಪಾಯಿ, ಗದ್ದದ ಮ್ಯಾಲ ಗಾಯದ ಗುರ್ತು. ನಾವು ಅದಕ್ಕ ಲಡಾಯಿ ಪುಸ್ತಕ ಅಂತಿದ್ವಿ.

ಇಂಗ್ಲಿಷ್ ನನಗ ಬರೂದಿಲ್ಲ. ಗಿರಾಕಿಗೂ ಬರೂದಿಲ್ಲ. ನನ್ನ ಹೆಂಡತಿಗೆ ಕನ್ನಡ ಅಕ್ಷರನೂ ಬರ್ತಿದ್ದಿಲ್ಲ. ಅದಕ್ಕ ಓದಿ ಹೇಳೂ ಕೆಲಸ ಅಕಿ ಹಿಡದ್ಲು.

೧. ಬರದಾವನ ತಪ್ಪು

ಹೊಸ ಕಟ್ಟು ಬಿಚ್ಚಿದ ದಿನ ಅಕಿ ಅಂಗಡ್ಯಾಗ ಕುಂದ್ರಾಕಿ. ಚಿತ್ರ ನೋಡಾಕಿ, ಕಥಿ ಕಟ್ಟಾಕಿ. ಮೊದಲ ಕಥಿ ಕೇಳೂದು, ಆಮ್ಯಾಲ ಪುಸ್ತಕ ಒಯ್ಯೂದು. ಅದು ನಮ್ಮ ಅಂಗಡಿ ಪದ್ಧತಿ. ಅಕಿ ಕಥಿಯೊಳಗ ವಿಮಾನದವರ ಜಗಳ ಎಲ್ಲಾ ಹೊಲದ ಬದುವಿನ ಸಲುವಾಗಿ. ಬೆನ್ನಿಗೆ ಛತ್ರಿ ಕಟಗೊಂಡು ಆಕಾಶದಿಂದ ಇಳಿಯಾವ, ತವರಿಗೆ ಹೋದ ಹೆಂಡತಿನ್ನ ಕರಕೊಂಡು ಬರಾಕ ಹೊಂಟಾವ.

ಒಂದಿನ ಇಂಗ್ಲಿಷ್ ಸಾಲಿ ಮಾಸ್ತರು ನಿಂತು ಕೇಳಿದ್ರು.

"ತಂಗೀ, ಇಲ್ಲಿ ಹಂಗ ಬರದಿಲ್ಲ. ಅಂವಾ ವೈರಿಗಳ ಹೊಳಿ ಮ್ಯಾಲಿನ ಪೂಲು ಹಾರಸಾಕ ಹೊಂಟಾನ."

ಅಕಿ ಪುಸ್ತಕ ಅವರ ಮುಂದ ಹಿಡದ್ಲು. "ಮಾರಿ ನೋಡ್ರಿ ಮಾಸ್ತರ. ಪೂಲು ಹಾರಸಾವನ ಮಾರಿ ಹಿಂಗ ಇರ್ತದೇನ್ರಿ? ಇದು ಮಾವನ ಮನಿಗೆ ಹೊಂಟ ಮಾರಿ. ಬರದಾವ ತಪ್ಪ ಬರದಾನ."

ಮಾಸ್ತರು ಕನ್ನಡಕ ಒರಸಿ ನೋಡಿದ್ರು. "ಹೌದ ಬಿಡವಾ. ನಂದೂ ಹಿಂಗ ಆಗಿತ್ತು" ಅಂದ್ರು.

೨. ತಿಕೋಟಾ ಸಂತ್ಯಾಗ

ಒಮ್ಮೆ ತಿಕೋಟಾ ಸಂತಿಗೆ ಹೊಸ ಪುಸ್ತಕ ಒಯ್ದೆ. ನಾ ಒಬ್ಬನ ಹೋಗಿದ್ದೆ. ಒಬ್ಬ ರೈತ ಕುಕ್ಕರಗಾಲಿಲೆ ಕುಂತು ಟ್ಯಾಂಕಿನ ಚಿತ್ರ ಬಹಳ ಹೊತ್ತು ನೋಡಿದ. ಗ್ವಾಡಿ ಒಡಕೊಂಡು ಹೋಗೂ ಉಕ್ಕಿನ ಬಂಡಿ ಅದು.

"ಇದರ ಎತ್ತು ಎಲ್ಲೆದಾವೋ?"

"ಎತ್ತಿಲ್ಲ. ಗುಡುಗಿನಂಗ ಗದ್ಲಾ ಮಾಡ್ಕೋತ ತಾನ ಹೋಗ್ತದ."

"ಮೇವು?"

"ಬ್ಯಾಡ."

"ಸಗಣಿ?"

"ಹಾಕೂದಿಲ್ಲ."

ಅಂವಾ ಪುಸ್ತಕ ಮುಚ್ಚಿ ನನ್ನ ಕೈಯಾಗ ಕೊಟ್ಟ. "ಸಗಣಿ ಹಾಕೂದಿಲ್ಲಂದ ಮ್ಯಾಲ ಇಷ್ಟ್ಯಾಕ ಗದ್ಲಾ ಮಾಡ್ತದ?"

೩. ಚಾಚಾನ ಲಡಾಯಿ

ಗೋಳಗುಮ್ಮಟದ ಹತ್ರ ಟಾಂಗಾ ನಿಲ್ಲಸೂ ಚಾಚಾ ಒಬ್ಬ ಇದ್ದ. ಉರ್ದು ಸಾಲಿ ಕಲತಾವ. ಉರ್ದು ಪುಸ್ತಕ ಬಲಗಡೆಯಿಂದ ತೆರೀತಾವ. ಒಂದಿನ ಅಂಗಡಿಗೆ ಬಂದು ಅಂವಾ ಲಡಾಯಿ ಪುಸ್ತಕನೂ ಹಂಗ ತೆರದ. ಕೊನೀ ಪಾನದಿಂದ ಸುರು ಮಾಡಿ ಮೊದಲನೇ ಪಾನಕ್ಕ ಬಂದು ಮುಗಿಸಿದ.

"ಹೆಂಗೈತಿ ಚಾಚಾ?"

"ಬಹಳ ಚಲೋ ಐತಿ. ಮೊದಲ ಪದಕ ಕೊಟ್ರು. ಆಮ್ಯಾಲ ಜಗಳಾಡಿದ್ರು. ಆಮ್ಯಾಲ ಎಲ್ಲಾರೂ ಹಡಗ ಹತ್ತಿ ಹೊಂಟ್ರು. ಕೊನೀಗೆ ತಾಯಿ ಬಾಗಲದಾಗ ನಿಂತು ಕೈ ಮಾಡಿ ಕರ್ಯಾಕತ್ತಾಳ."

"ಹಿಂದಿನಿಂದ ಓದೀರಿ ಚಾಚಾ" ಅಂದೆ. ಹೆಂಡತಿ ನನ್ನ ಕಾಲು ತುಳದ್ಲು.

ಚಾಚಾ ಬೇಜಾರ ಮಾಡ್ಕೊಳ್ಳಲಿಲ್ಲ. "ಇರಲಿ ಬೇಟಾ. ನನ್ನ ಕುದುರಿನೂ ಹಂಗ. ಹಿಂದ ಹಿಂದ ನಡದ್ರೂ ಮನಿ ಮುಟ್ಟಸ್ತದ."

೪. ದಪ್ಪ ರೊಟ್ಟಿ

ಬಬಲೇಶ್ವರದ ಅಜ್ಜಿ ಒಬ್ಬಾಕಿ ಸಂತಿ ದಿನ ಬರಾಕಿ. ಮಗ ಪಲಟಣಿಗೆ ಹೋಗಿದ್ದ. ನನ್ನ ಹೆಂಡತಿ ಮೊದಲನೇ ಸಲನ ಗದ್ದಕ್ಕ ಗಾಯ ಇದ್ದ ಸಿಪಾಯಿನ್ನ ತೋರಿಸಿ, "ಇಂವಾ ನಿನ್ನ ಮಗನ ಗೆಳ್ಯಾ ಅಜ್ಜೀ. ಇಂವಾ ಸುಖ ಇದ್ರ ನಿನ್ನ ಮಗನೂ ಸುಖ" ಅಂದಿದ್ಲು. ಅವತ್ತಿನಿಂದ ಹೊಸ ಪುಸ್ತಕ ಬಂದಾಗೊಮ್ಮೆ ಅಜ್ಜಿ ಕೇಳಾಕಿ, "ಅಂವಾ ಹೆಂಗದಾನಬೇ?" ನನ್ನ ಹೆಂಡತಿ ಪ್ರತೀ ಸಲ ಅವನ್ನ ಉಳಸಾಕಿ.

ಆ ವರ್ಷ ನನ್ನ ಹೆಂಡತಿ ಜ್ವರದಾಗ ಹೋದ್ಲು. ಎರಡು ತಿಂಗಳು ನಾ ಕಟ್ಟು ಬಿಚ್ಚಲಿಲ್ಲ.

ಮೂರನೇ ತಿಂಗಳು ಬಿಚ್ಚಿದೆ. ಮಂದಿ ಕೂಡಿದ್ರು. ಮಾಸ್ತರೂ ಇದ್ರು, ಚಾಚಾನೂ ಇದ್ದ. "ಕಥಿ ಹೇಳ್ರಿ" ಅಂದ್ರು. ಹೇಳಿದೆ.

"ಬಂದ. ಹೊಡದ. ಹೋದ."

"ಇದು ಕಥಿ ಅಲ್ರಿ, ಪೋಸ್ಟಿನ ತಾರು" ಅಂದ ಒಬ್ಬ.

ಅಷ್ಟರಾಗ ಅಜ್ಜಿ ಬಂದ್ಲು. ಮಗನ ಕಾಗದ ಬಂದು ಆರು ತಿಂಗಳಾಗಿತ್ತು. "ಅಂವಾ ಹೆಂಗದಾನಪ್ಪಾ?" ಅಂದ್ಲು. ಪಾನ ತಿರುವಿದೆ. ಕೊನೀ ಪಾನದಾಗ ಸಿಪಾಯಿ ಹೊಳ್ಯಾಗ ಬಿದ್ದಾನ. ನೀರಿನ ಮ್ಯಾಲ ಟೊಪಗಿ ಅಷ್ಟ ತೇಲಾಕತ್ತೈತಿ. ನನಗ ಸುಳ್ಳು ಹೇಳಾಕ ಬರೂದಿಲ್ಲ. ಅದೆಲ್ಲಾ ಅಕಿನ ನೋಡ್ಕೋತಿದ್ಲು.

ಚಾಚಾ ಕೈ ಚಾಚಿ ನನ್ನ ಬೆರಳು ಹಿಡದ. ಆ ಕೊನೀ ಪಾನದ ಮ್ಯಾಲನ ಇಟ್ಟ. "ಇಲ್ಲಿಂದ ಹೇಳು."

ಹೇಳಿದೆ. "ಮೊದಲ ಟೊಪಗಿ ಹೊಳ್ಯಾಗ ಇತ್ತು ಅಜ್ಜೀ. ಆಮ್ಯಾಲ ಅಂವಾ ದಂಡಿಗೆ ಬಂದ. ಓಡಿದ. ಕೊನೀಗೆ ಉಣ್ಣಾಕ ಕುಂತಾನ." ಮೊದಲನೇ ಪಾನ ತೋರಿಸಿದೆ. ಸಿಪಾಯಿ ಕೈಯಾಗ ಪಾವ್ ಬ್ರೆಡ್ಡಿನ ದಪ್ಪ ತುಂಡು.

ಅಜ್ಜಿ ಮಾಸ್ತರ ಕಡೆ ತಿರುಗಿದ್ಲು. "ಹೌದೇನ್ರಿ ಮಾಸ್ತರ? ಹಿಂಗ ಬರದಾರೇನ್ರಿ?"

ತಪ್ಪು ಕಂಡ್ರ ಸುಮ್ಮನಿರಾವ್ರಲ್ಲ ಮಾಸ್ತರು. ಕನ್ನಡಕ ತಗದ್ರು. ಒರಸಿದ್ರು. "ಹಿಂಗ ಬರದಾರವಾ. ಅಕ್ಷರಕ್ಕ ಅಕ್ಷರ."

ಅಜ್ಜಿ ಚಿತ್ರಕ್ಕ ಕಣ್ಣು ಹಚ್ಚಿ ನೋಡಿದ್ಲು.

"ಯಪ್ಪಾ, ಇದೇನು ರೊಟ್ಟಿನೋ ಇಟ್ಟಂಗಿನೋ! ಇದನ್ನ ಅಗದು ನುಂಗೂದರಾಗ ಹೊತ್ತು ಮುಣಗ್ತದ. ಅದಕ್ಕ ಲಡಾಯಿ ಮುಗೀವಲ್ದು."

ಗಂಟು ಬಿಚ್ಚಿ ಹತ್ತು ಕಟಕ ರೊಟ್ಟಿ ತಗದ್ಲು. ಜ್ವಾಳದವು, ಹಾಳಿ ಹಂಗ ತೆಳ್ಳಗ. ಮ್ಯಾಲ ಶೇಂಗಾ ಹಿಂಡಿ. "ಇವನ್ನ ಆ ಪುಸ್ತಕ ಮಾಡಾವ್ರಿಗೆ ಕಳಸು. ರೊಟ್ಟಿ ಅಂದ್ರ ಏನು ಅಂತ ನೋಡ್ಲಿ."

ಅಜ್ಜಿ ಹೋದ್ಲು. ಉಳದವ್ರು ಚದುರಿದ ಮ್ಯಾಲ ಮಾಸ್ತರು, ಚಾಚಾ, ನಾ ಮೂರೂ ಮಂದಿ ರೊಟ್ಟಿ ನೋಡ್ಕೋತ ಕುಂತ್ವಿ. ಹೆಂಡತಿ ಹೋದ ಮ್ಯಾಲ ನನಗ ಅವತ್ತ ಮೊದಲ ಸಲ ಹಸಿವಾಗಿದ್ದು. ಉಣ್ಣಾಕ ಕುಂತ ಮ್ಯಾಲ ಒಂದೂ ಉಳೀಲಿಲ್ಲ.

ಮುಂದಿನ ತಿಂಗಳು ಅಜ್ಜಿ ನಕ್ಕೋತ ಬಂದ್ಲು. ಮಗನ ಕಾಗದ ಬಂದಿತ್ತು. ಸುಖ ಇದ್ದ. ಹೊಸ ಪುಸ್ತಕದಾಗ ಸಿಪಾಯಿನೂ ಹೊಳಿ ಈಸಿ ಬಂದಿದ್ದ. ತಲಿಗೆ ಪಟ್ಟಿ ಕಟ್ಟಿತ್ತು. ಕೈಯಾಗ ಅದ ದಪ್ಪ ರೊಟ್ಟಿ.

ಅಜ್ಜಿ ನಗೂದು ನಿಲ್ಲಿಸಿದ್ಲು. ಆ ರೊಟ್ಟಿ ನೋಡಿದ್ಲು. ನನ್ನ ಮಾರಿ ನೋಡಿದ್ಲು. ಮಾಸ್ತರನ್ನ ನೋಡಿದ್ಲು, ಚಾಚಾನ್ನ ನೋಡಿದ್ಲು.

"ಖರೇ ಹೇಳ್ರಿ. ನಾ ಕಳಿಸಿದ ರೊಟ್ಟಿ ಯಾರು ತಿಂದ್ರಿ?"