ಊದು ತಾತ

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಫೋನ್ ಕರೆ. ಹಿಂದಿನ ಸಂಜೆ ತಾತ ಕುಡಿದ ಧೈರ್ಯದಲ್ಲಿ ಬಸ್ ಡಿಪೋ ಮ್ಯಾನೇಜರಿಗೆ ಫೋನ್ ಮಾಡಿ, "ನನ್ನ ಮೊಮ್ಮಗಳು ಪರಊರಿನ ತರಬೇತಿಗೆಲ್ಲ ಬರಲ್ಲ. ಇದು ನನ್ನ ಆರ್ಡರ್" ಎಂದು ಇಟ್ಟುಬಿಟ್ಟಿದ್ದ.

ಮೊಮ್ಮಗಳ ಕೆಲಸ ಆ ಡಿಪೋದಲ್ಲೇ. ಪ್ರತಿ ಪಾಳಿಯ ಡ್ರೈವರುಗಳೂ ಬಸ್ಸು ಹತ್ತುವ ಮುಂಚೆ ಅವಳು ಹಿಡಿದ, ಕುಡಿತ ಪತ್ತೆ ಹಚ್ಚುವ ಸಣ್ಣ ಯಂತ್ರಕ್ಕೆ ಊದಬೇಕು. ಹಸಿರು ದೀಪ ಹತ್ತಿದರೆ ಬಸ್ಸು, ಕೆಂಪು ಹತ್ತಿದರೆ ಮನೆ. ಮೀಸೆ ತಿರುವುವ ಡ್ರೈವರುಗಳೂ ಅವಳೆದುರು ಬಲೂನು ಊದುವ ಮಕ್ಕಳಂತೆ ಕೆನ್ನೆ ಉಬ್ಬಿಸಿ ನಿಲ್ಲುತ್ತಿದ್ದರು. ಮನೆಯಲ್ಲಿ ಮಾತ್ರ ಯಾವ ಚಪ್ಪಲಿ ಮೆಟ್ಟಬೇಕು, ಯಾರ ಜತೆ ನಗಬೇಕು ಎನ್ನುವುದಕ್ಕೂ ತಾತನ ಹುಕುಂ.

ಬೆಳಿಗ್ಗೆ ಅವಳು ಚೀಲದಿಂದ ಯಂತ್ರ ತೆಗೆದು ತಾತನ ಕಾಫಿ ಲೋಟದ ಪಕ್ಕ ಕುಕ್ಕಿದಳು.

"ಸಂಜೆ ಬಸ್ಸಿಗೆ ನಾನು ತರಬೇತಿಗೆ ಹೊರಟೆ. ಅದಕ್ಕೆ ಮುಂಚೆ ನೀನು ಇದಕ್ಕೆ ಊದಬೇಕು. ಕೆಂಪು ಹತ್ತಿದ್ರೆ ನಿನ್ನ ಮಾತು ನಡೆಯಲ್ಲ. ಕುಡಿದ ಬಾಯಿಂದ ಬಂದ ಅಪ್ಪಣೆ ಇನ್ಮೇಲೆ ನಾನು ಕೇಳಲ್ಲ ತಾತ."

"ಹಸಿರು ಹತ್ತಿದ್ರೆ?"

"ಹತ್ತಿದ ದಿನ ನೀನು ಹೇಳಿದ ಹಾಗೆ."

ಹೇಳುವಾಗ ಅವಳಿಗೇ ನಗು ಬಂತು. ಅಜ್ಜಿ ತೀರಿಕೊಂಡ ಮೇಲೆ ತಾತ ಕುಡಿಯದ ಮಧ್ಯಾಹ್ನ ಒಂದೂ ಇರಲಿಲ್ಲ.

"ನನ್ನನ್ನೇ ಊದಿಸ್ತೀಯಾ? ನಿನಗೆ ನಡೆಯೋದು ಕಲಿಸಿದವನು ನಾನು!"

"ಚೆನ್ನಾಗೇ ಕಲಿಸಿದೀಯ. ಅದಕ್ಕೇ ನಡ್ಕೊಂಡು ಹೋಗ್ತಿದೀನಿ," ಎಂದು ಯಂತ್ರವನ್ನು ಚೀಲಕ್ಕೆ ತುರುಕಿ ಬಾಗಿಲು ದಢಾರನೆ ಎಳೆದುಕೊಂಡಳು.

ಮಧ್ಯಾಹ್ನ ಡಿಪೋದಲ್ಲಿರುವಾಗ ಮೇಲಿನ ಮನೆಯ ಟೈಲರಮ್ಮನ ಫೋನು.

"ಏನೇ, ನಿಂದೇನು ಕಲ್ಲುಹೃದಯಾನಾ? ನಿಮ್ಮ ತಾತ ಮೆಟ್ಟಿಲ ಮೇಲೆ ಕೂತು ನನ್ನ ಹೊಲಿಗೆ ಮಿಷನ್ ಥರ ಗಡಗಡ ಅಂತಿದಾರೆ! ನಮ್ಮನೆಯವರ ಬಾಟ್ಲಿಲಿ ಸ್ವಲ್ಪ ಉಳಿದಿದೆ. ಒಂದು ಮುಚ್ಚಳ ಕೊಡ್ಲಾ?"

ಒಂದೇ ಮುಚ್ಚಳ. 'ಹೂಂ' ಎಂದರೆ ಸಾಕು, ಸಂಜೆ ಕೆಂಪು ದೀಪ, ಕಿಟಕಿ ಪಕ್ಕದ ಸೀಟು, ಬಿಡುಗಡೆ. ಯಂತ್ರ ಸುಳ್ಳು ಹೇಳುವುದಿಲ್ಲ. ಹೇಗೆ ಕೆಂಪಾಯಿತೆಂದು ಕೇಳುವುದೂ ಇಲ್ಲ. 'ಹೂಂ' ನಾಲಿಗೆಯ ತುದಿಗೇ ಬಂದಿತ್ತು.

"ಬೇಡಕ್ಕಾ! ಒಂದು ತೊಟ್ಟೂ ಬೇಡ!" ಎಂದು ಕಿರುಚಿದಳು. "ಈಗಲೇ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಕೈ ಮುಗಿದು ಕೇಳ್ಕೋತೀನಿ."

ಫೋನಿಟ್ಟವಳು ತನ್ನ ಮೇಲೆ ತಾನೇ ಹಲ್ಲು ಕಡಿದಳು. ಎದುರಿಗಿದ್ದ ಡ್ರೈವರ್ ಹೆದರಿ, ಕೇಳದೆಯೇ ಇನ್ನೊಮ್ಮೆ ಊದಿದ.

ಸಂಜೆ ಮನೆ ಮುಂದೆ ಇಡೀ ಕಟ್ಟಡವೇ ನೆರೆದಿತ್ತು. ತಾತ ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದ. ಮಾತ್ರೆ ನುಂಗಿದ್ದರೂ ಕೈ ನಡುಗುತ್ತಿತ್ತು. ಎರಡೂ ಕೈಯಿಂದ ಯಂತ್ರ ಹಿಡಿದು ಊದಿದ.

ಹಸಿರು.

ಟೈಲರಮ್ಮ ಸಿಳ್ಳೆ ಹಾಕಿದಳು. ಮೊಮ್ಮಗಳು ಯಂತ್ರವನ್ನು ಒರೆಸಿದಳು, ತಾನೂ ಊದಿ ನೋಡಿದಳು, ತಾತನನ್ನು ಮತ್ತೆ ಊದಿಸಿದಳು. ಮತ್ತೆ ಹಸಿರು. ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಸರಿ. ಆದ್ರೆ ಇವತ್ತಿನ ಹಸಿರು ಇವತ್ತಿಗೆ ಮಾತ್ರ. ನಾಳೆ ಮತ್ತೆ ಊದಬೇಕು. ನಾಡಿದ್ದೂ ಊದಬೇಕು. ಈಗ ಹೇಳು, ಏನು ನಿನ್ನ ಆರ್ಡರು?"

"ತರಬೇತಿಗೆ ಹೋಗು."

ನೆರೆದವರೆಲ್ಲ ಬಾಯಿ ತೆರೆದರು. ಮೊಮ್ಮಗಳು ತಬ್ಬಿಕೊಳ್ಳಲು ಬಗ್ಗಿದಳು. ಅಷ್ಟರಲ್ಲಿ ತಾತ ಬಾಗಿಲ ಹಿಂದಿನಿಂದ ಕಬ್ಬಿಣದ ಟ್ರಂಕೊಂದನ್ನು ದರದರ ಎಳೆದ.

"ನಾನೂ ಬರ್ತೀನಿ. ನೀನಿಲ್ಲಿ ಇಲ್ದೆ ಹೋದ್ರೆ ನಾಳೆ ನನ್ನ ಊದಿಸೋರು ಯಾರು? ಡಾಕ್ಟರು ನನ್ನ ಚಿಕಿತ್ಸೆಗೆ ಅಲ್ಲಿನ ಆಸ್ಪತ್ರೆಗೆ ಹೇಳಿದಾರೆ. ನಿಮ್ಮ ಮ್ಯಾನೇಜರಿಗೂ ಫೋನ್ ಮಾಡಿದೀನಿ. ಇಬ್ಬರಿಗೂ ಒಂದೇ ರೂಮು. ಕಿಟಕಿ ಸೀಟು ನಂದು. ನಡಿ, ಆ ಚಪ್ಪಲಿ ಬೇಡ, ಶೂ ಹಾಕ್ಕೋ."

ಅವಳು ಜಗಳಕ್ಕೆ ಬಾಯಿ ತೆರೆದಳು. ತಾತ ಯಂತ್ರವನ್ನು ಅವಳ ಮೂಗಿನ ಹತ್ತಿರ ಹಿಡಿದ.

ಹಸಿರು ದೀಪ ಇನ್ನೂ ಆರಿರಲಿಲ್ಲ.